ಮೂವರು ಶೈಲಜೆಯರು, ಒಂದು ವೋಟು

"ಇವರು ನಿಮ್ಮ ಹೆಂಡತಿ ತಾನೇ?"

ಮತಗಟ್ಟೆಯ ಅಧಿಕಾರಿ ಕೇಳಿದ್ದು ನನ್ನನ್ನಲ್ಲ, ನನ್ನ ಗಂಡ ಪ್ರಕಾಶರನ್ನು. ಅವರು ಒಂದು "ಯೆಸ್" ಅಂದರೆ ನನ್ನ ಕೈಗೆ ಮತಪತ್ರ ಬರುತ್ತಿತ್ತು. ಈ ಮನುಷ್ಯನ ಬಾಯಿಂದ ಯೆಸ್ ಹೊರಡಿಸಲು ನಾನು ವರ್ಷಗಟ್ಟಲೆ ಕಾದದ್ದುಂಟು (ಅಡುಗೆಮನೆ ರಿಪೇರಿಗೆ ಇನ್ನೂ ಕಾಯುತ್ತಿದ್ದೇನೆ). ಆದರೆ ಅವತ್ತು, ಅದೇ ಯೆಸ್ ನನಗೆ ಬೇಡವಾಯಿತು.

ಮೊದಲಿನಿಂದ ಹೇಳುತ್ತೇನೆ.

ಇಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತಲ್ಲ, ಅದರ ಕಥೆ. ನಾವಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿ. ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಆದರೂ ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ವೀಸಾ ಮೇಲೆ ಬಂದು ನೆಲೆಸಿರುವ ನಮಗೂ ಇಲ್ಲಿ ವೋಟಿದೆ. ಇದನ್ನು ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹೇಳಿ ನೋಡಿ. ಅರ್ಧ ಜನ ನಂಬುವುದಿಲ್ಲ. ಉಳಿದರ್ಧ, "ನಮಗ್ಯಾಕ್ರೀ ಅವರ ಮನೆ ಜಗಳ? ನಾಳೆ ವೀಸಾಗೆ ಪ್ರಾಬ್ಲಂ ಆದ್ರೆ?" ಅನ್ನುತ್ತಾರೆ.

ಆ ಎರಡನೇ ಅರ್ಧದ ಅಧ್ಯಕ್ಷೆ ನಾನೇ ಆಗಿದ್ದೆ. ಗಾಳಿಗೆ ಬಾಗಿಲು ಬಡಿದರೂ ವೀಸಾ ನೋಡುವ ಹೋಮ್ ಆಫೀಸಿನವರು ಬಂದರೇನೋ ಅನ್ನುವ ಜಾತಿ ನನ್ನದು.

ಹಾಗಾದರೆ ಈ ಸಲ ಹೋದದ್ದೇಕೆ? ಒಂದು ಪಕ್ಷದ ಕರಪತ್ರ. ನನ್ನಂಥ ವಲಸಿಗರು ಈ ದೇಶಕ್ಕೆ ಭಾರ ಎಂದು ಅಚ್ಚು ಹಾಕಿಸಿ, ಅದನ್ನು ನನ್ನದೇ ಬಾಗಿಲ ಸಂದಿಯಿಂದ ಒಳಗೆ ತೂರಿಸಿದ್ದರು. ಕೆಳಗೆ ದಪ್ಪಕ್ಷರದಲ್ಲಿ: ದಯವಿಟ್ಟು ನಿಮ್ಮ ಮತ ನಮಗೇ ನೀಡಿ! ಅಲ್ಲಾ ಸ್ವಾಮಿ, ಬೈದು ಭಿಕ್ಷೆ ಕೇಳುವವರನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ? ಕೌನ್ಸಿಲ್ ಟ್ಯಾಕ್ಸ್ ಕಟ್ಟುವವಳು ನಾನು. ಬೆಳಗಾಗೆದ್ದು ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಫೋನ್ ಹಿಡಿದು, ಲೈನ್ ಸಿಗುವವರೆಗೆ ಅವರ ಸಂಗೀತ ಕೇಳುವವಳು ನಾನು. ಹೋಗೇ ಹೋಗುತ್ತೇನೆ ಅಂದುಕೊಂಡೆ.

ಹೋದೆವು. ಚರ್ಚ್ ಹಾಲ್‌ನಲ್ಲಿ ಮತಗಟ್ಟೆ. ಫೋಟೋ ಇರುವ ಗುರುತು ತೋರಿಸಬೇಕಷ್ಟೇ, ಪಾಸ್‌ಪೋರ್ಟ್ ಸಾಕು. ನಾನು ಮಾತ್ರ ಎಂದಿನಂತೆ ಇಡೀ ಫೈಲನ್ನೇ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಮುಂದೆ ನಿಂತ ಪ್ರಕಾಶ್ ಎರಡು ನಿಮಿಷದಲ್ಲಿ ವೋಟು ಹಾಕಿ ಬಂದರು. ಆಮೇಲೆ ನನ್ನ ಸರದಿ.

ಬೆಳ್ಳಿಕೂದಲಿನ ಅಧಿಕಾರಿಣಿ ಮತದಾರರ ಪಟ್ಟಿಯ ಮೇಲೆ ಸ್ಕೇಲ್ ಜಾರಿಸಿ ನಿಲ್ಲಿಸಿದರು. "ಇಲ್ಲಿ ಶೈಲಜಾ ಪ್ರಕಾಶ್ ಅಂತಿದೆ, ಡಕ್." (ಈ ಊರಲ್ಲಿ ಅಕ್ಕರೆಯಿಂದ ಎಲ್ಲರನ್ನೂ ಬಾತುಕೋಳಿ ಅಂತಲೇ ಕರೆಯುವುದು.) "ಪಾಸ್‌ಪೋರ್ಟಲ್ಲಿ ಶೈಲಜಾ ಚನ್ನ... ಚನ್ನಬ..."

"ಚನ್ನಬಸಪ್ಪ. ನಮ್ಮಪ್ಪ."

"ಹಾಗಾದರೆ ಪ್ರಕಾಶ್?"

"ಗಂಡ."

ಅವರು ಪಟ್ಟಿಯ ಮೇಲಿನ ಸಾಲು ನೋಡಿದರು. "ಆದರೆ ನಿಮ್ಮ ಗಂಡನ ಸರ್‌ನೇಮ್ ಶಿವಾನಂದ."

"ಅದು ನಮ್ಮ ಮಾವ."

"ಹಾಗಾದರೆ ನಿಮ್ಮ ಸರ್‌ನೇಮ್ ಯಾವುದು?"

"ಇಲ್ಲ," ಅಂದೆ. "ನಮ್ಮಲ್ಲಿ ಬಹಳ ಜನಕ್ಕೆ ಇರುವುದಿಲ್ಲ."

ಕೊಕ್ಕೇ ಇಲ್ಲದ ಬಾತುಕೋಳಿಯನ್ನು ನೋಡುವಂತೆ ನನ್ನನ್ನು ನೋಡಿದರು. ಗಾಬರಿಯಲ್ಲಿ ನಾನು ಇನ್ನೊಂದು ಘನಕಾರ್ಯ ಮಾಡಿದೆ. ಫೈಲಿನಿಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದು ಮುಂದಿಟ್ಟೆ. ನಮಗೆ ಅದಕ್ಕಿಂತ ದೊಡ್ಡ ದಾಖಲೆ ಜಗತ್ತಿನಲ್ಲಿ ಯಾವುದಿದೆ? ಆದರೆ ಅದರಲ್ಲಿದ್ದದ್ದು ಸಿ. ಶೈಲಜಾ! ಈಗ ಮೇಜಿನ ಮೇಲೆ ಮೂವರು ಶೈಲಜೆಯರು. ವೋಟು ಒಂದೇ.

ಶೈಲಜಾ ಪ್ರಕಾಶ್ ಹುಟ್ಟಿದ್ದು ಹೇಗೆ ಗೊತ್ತೇ? ಈ ಮನೆಗೆ ಬಂದಾಗ ಆನ್‌ಲೈನಿನಲ್ಲಿ ನಮ್ಮಿಬ್ಬರನ್ನೂ ಮತದಾರರಾಗಿ ನೋಂದಾಯಿಸಿದ್ದು ಯಜಮಾನರು. ಹಾಲ್‌ನ ಬಾಗಿಲಲ್ಲಿ ನಿಂತಿದ್ದ ಅವರನ್ನು ಹೋಗಿ ಹಿಡಿದೆ. "ರೀ, ನನ್ನ ಹೆಸರಿಗೆ ನಿಮ್ಮ ಹೆಸರು ಯಾಕ್ರೀ ಹಾಕಿದ್ರಿ?"

"ನೀನು ಒಳಗೆ ಚಪಾತಿ ಲಟ್ಟಿಸ್ತಿದ್ದೆ. ಇದಕ್ಕೆಲ್ಲ ಏನು ಕೇಳೋದು ಅಂತ ಹಾಕ್ಬಿಟ್ಟೆ."

"ಪಾಸ್‌ಪೋರ್ಟ್ ನೋಡಿ ಹಾಕೋಕೆ ಏನಾಗಿತ್ತು?"

"ಬಾರೇ ಶೈಲು, ಹೋಗೋಣ. ಒಂದು ವೋಟಿಗೆ ಇಷ್ಟು ರಂಪ ಬೇಕಾ? ಹಿಂದೆ ಕ್ಯೂ ನೋಡು."

ನೋಡಿದೆ. ನಾಯಿ ಹಿಡಿದ ಅಜ್ಜನೊಬ್ಬ, ಅವನ ಹಿಂದೆ ಅರ್ಧ ಬೀದಿ. ಅಧಿಕಾರಿಣಿಗೂ ಪಾಪ, ಬೇಗ ಮುಗಿಸುವ ಆತುರ. ಆಗಲೇ ಅವರು ಪ್ರಕಾಶರತ್ತ ತಿರುಗಿ ಆ ಪ್ರಶ್ನೆ ಕೇಳಿದ್ದು. ಇವರು ನಿಮ್ಮ ಹೆಂಡತಿ ತಾನೇ?

ಪ್ರಕಾಶ್ ಬಾಯಿ ತೆರೆದರು.

"ಅವರನ್ನು ಕೇಳಬೇಡಿ," ಅಂದೆ. "ನನ್ನನ್ನು ಕೇಳಿ."

ಧ್ವನಿ ನನ್ನದೇ. ಸುಳ್ಳು ಹೆಸರಲ್ಲಿ ವೋಟು ಹಾಕಲು ಬಂದವಳೆಂದು ಕೇಸು, ವೀಸಾ ರದ್ದು, ಬೆಂಗಳೂರಿನ ವಿಮಾನ, ಅದರಲ್ಲೂ ನಡುವಿನ ಸೀಟು, ಎಲ್ಲ ಕಣ್ಣ ಮುಂದೆ ಬಂದವು. ಆದರೂ ಹೇಳಿದೆ. "ಇವರು ವೋಟು ಹಾಕುವಾಗ ಇವರು ಯಾರ ಗಂಡ ಅಂತ ನೀವು ಕೇಳಲಿಲ್ಲ. ನನ್ನ ವೋಟಿಗೂ ಇವರ ಒಪ್ಪಿಗೆ ಬೇಡ. ಬೇರೆ ಏನು ದಾಖಲೆ ಬೇಕೋ ಹೇಳಿ, ತೋರಿಸುತ್ತೇನೆ. ಅಲ್ಲಿಯವರೆಗೆ ಇಲ್ಲಿಂದ ಕದಲುವುದಿಲ್ಲ."

ಹಿಂದಿನ ಅಜ್ಜ ನಾಯಿಯನ್ನು ಕೂರಿಸಿ, "ನಿಧಾನವಾಗಿ ಆಗಲಿ, ನನಗೇನೂ ಅವಸರವಿಲ್ಲ" ಅಂದ.

ಅಧಿಕಾರಿಣಿ ಕೌನ್ಸಿಲ್‌ಗೆ ಫೋನ್ ಮಾಡಿದರು. ನಿಯಮದ ಪುಸ್ತಕ ತಿರುವಿದರು. ಮದುವೆ ಸರ್ಟಿಫಿಕೇಟ್ ಇದೆಯೇ ಎಂದು ಕೇಳಿದರು. ಇಲ್ಲದೆ ಏನು? ದಾವಣಗೆರೆಯ ಸಬ್ ರಿಜಿಸ್ಟ್ರಾರ್ ಕೊಟ್ಟದ್ದು, ಫೈಲಿನಲ್ಲಿತ್ತು. ಅದರಲ್ಲೂ ಗಂಡನ ಹೆಸರಿದೆ, ಒಪ್ಪುತ್ತೇನೆ. ಆದರೆ ಅದಕ್ಕೆ ನಾನೂ ಸಹಿ ಹಾಕಿದ್ದೇನೆ. ಯಾರೂ ನನ್ನನ್ನು ಚಪಾತಿ ಲಟ್ಟಿಸಲು ಬಿಟ್ಟು ಹಾಕಿಸಿದ್ದಲ್ಲ.

ಓದಿ ಮುಗಿಸಿ, ಅವರು ನೆಟ್ಟಗೆ ಕೂತರು. ಕಾನೂನಿನ ಧ್ವನಿಯಲ್ಲಿ, ಈ ಸಲ ನನ್ನನ್ನೇ ಕೇಳಿದರು. "ಪಟ್ಟಿಯಲ್ಲಿ ಶೈಲಜಾ ಪ್ರಕಾಶ್ ಎಂದು ನಮೂದಾಗಿರುವ ವ್ಯಕ್ತಿ ನೀವೇ ಏನು?"

"ನಾನೇ."

"ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ?"

"ಈ ದೇಶದಲ್ಲಿ ಇದುವರೆಗೂ ಹಾಕಿಲ್ಲ."

ಮತಪತ್ರ ಸಿಕ್ಕಿತು. ದಾರ ಕಟ್ಟಿದ ಪೆನ್ಸಿಲ್. ಕತ್ತರಿ ಗುರುತು ಹಾಕಿ ಬಂದೆ.

ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳು ನಕ್ಕಳು. ಅವಳ ರಾಜ್ಯದಲ್ಲಿ ಚುನಾವಣೆ ಅಂದರೆ ಗವರ್ನರ್, ಶಾಸಕರು, ಕೊನೆಗೆ ನ್ಯಾಯಾಧೀಶರನ್ನೂ ಒಂದೇ ದಿನ ಜನರೇ ಆರಿಸುತ್ತಾರಂತೆ. ಮದುವೆ ಊಟದ ಎಲೆಯಷ್ಟು ಉದ್ದದ ಮತಪತ್ರ. "ಅಯ್ಯೋ ಶೈಲಕ್ಕ, ಒಂದೇ ಒಂದು ಎಂಪಿ ವೋಟಿಗೆ ಇಷ್ಟೊಂದು ಜಗಳ ಆಡಿದ್ಯಾ?" ಹೌದು ಕಣೇ. ಎಲೆ ತುಂಬ ಬಡಿಸಿಕೊಂಡವಳಿಗೆ ಏನು ಗೊತ್ತು? ನನಗೆ ಇರುವುದೇ ಒಂದು ತುತ್ತು. ಅದನ್ನೂ ಬಿಟ್ಟು ಏಳಬೇಕಾ?

ನಮ್ಮ ಎಷ್ಟು ಮನೆಗಳಲ್ಲಿ ಹೀಗೇ ಅಲ್ಲವೇ? ಗ್ಯಾಸು, ಬ್ರಾಡ್‌ಬ್ಯಾಂಡ್, ಮಾರ್ಟ್‌ಗೇಜ್, ಹೆಂಡತಿಯ ವೋಟು, ಎಲ್ಲವೂ ಯಜಮಾನರ ಒಂದೇ ಇಮೇಲ್ ಐಡಿಯಲ್ಲಿ. ಪಾಸ್‌ವರ್ಡ್ ಅವರಿಗೇ ಗೊತ್ತು. ಅನುಕೂಲವೇನೋ ಹೌದು. ಆದರೆ ಅನುಕೂಲ ಯಾರಿಗೆ?

ಅವತ್ತು ಮನೆಗೆ ಬಂದು, ಪಟ್ಟಿಯ ಹೆಸರನ್ನು ಪಾಸ್‌ಪೋರ್ಟಿನಂತೆ ತಿದ್ದಿಸಲು ಲ್ಯಾಪ್‌ಟಾಪ್ ತೆರೆಯುತ್ತಾ ಮಗಳು ಮೇಘಾಗೆ ಎಲ್ಲ ಹೇಳಿದೆ. ಅವಳಿಗಿನ್ನೂ ವೋಟಿನ ವಯಸ್ಸಾಗಿಲ್ಲ. ನಾಲಗೆಗೆ ಯಾವತ್ತೋ ಆಗಿದೆ. "ವೆಯ್ಟ್, ಅಮ್ಮ. ಅಪ್ಪನ ಹೆಸರು ಬೇಡ ಅಂತ ಫೈಟ್ ಮಾಡಿ, ಈಗ ಅಜ್ಜನ ಹೆಸರು ಹಾಕಿಸ್ತೀಯಾ? ಸೀರಿಯಸ್ಲಿ?"

ಫಾರಂನಲ್ಲಿ ಶೈಲಜಾ ಎಂದಷ್ಟೇ ಒತ್ತಿ ಕೈ ತೆಗೆದೆ. ಮುಂದಿನದನ್ನು ಇನ್ನೂ ಹುಡುಕುತ್ತಿದ್ದೇನೆ.

ಅಷ್ಟರಲ್ಲಿ ಪ್ರಕಾಶ್ ಟೀ ಕಪ್ ಹಿಡಿದು ಬಂದರು. ನನಗೊಂದು, ಅವರಿಗೊಂದು. ರಾಜಿಯ ಟೀ. ಪಕ್ಕದಲ್ಲಿ ಕೂತು ಮೆಲ್ಲಗೆ, "ಅದಿರ್ಲಿ ಶೈಲು, ಕೊನೆಗೆ ಯಾರಿಗೆ ಹಾಕಿದೆ?" ಅಂದರು.

"ಅಷ್ಟೆಲ್ಲ ಪ್ರಶ್ನೆ ಕೇಳಿದ ಆ ಅಧಿಕಾರಿಣಿಯೂ ಅದೊಂದನ್ನು ಕೇಳಲಿಲ್ಲ ಕಣ್ರೀ. ಕೇಳೋಕೆ ನೀವ್ಯಾರು?"