ಹಲ್ಲಕ್ಕನ ದಿವಾಳಿ ಅರ್ಜಿ

ಹಲ್ಲಕ್ಕ ಹಲ್ಲಿನ ಸೆಟ್ ಕಟ್ಟುವವಳು. ಕ್ಲಿನಿಕ್ಕುಗಳಿಂದ ಬೊಚ್ಚುಬಾಯಿಗಳ ಅಚ್ಚು ನಮ್ಮ ಲ್ಯಾಬಿಗೆ ಬರುತ್ತದೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು ಕೊಡುತ್ತೇನೆ, ಅಕ್ಕ ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಾಳೆ. ಮೂವತ್ತು ವರ್ಷ ಪಳಗಿದ ಕೈ. ಅವಳ ಸೆಟ್ ಹಾಕಿಕೊಂಡು ನಕ್ಕರೆ ಕಟ್ಟಿಕೊಂಡ ಹೆಂಡತಿಗೂ ಗೊತ್ತಾಗುವುದಿಲ್ಲ.

ಅಕ್ಕನ ತೀರಿಕೊಂಡ ಗಂಡನ ಅಣ್ಣ ಹಲ್ಲಿನ ಡಾಕ್ಟರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ನಾಲ್ಕು ವರ್ಷದ ಹಿಂದೆ ಲ್ಯಾಬಿಗೆ ಬಂದು, "ಇನ್ನೂ ಎಷ್ಟು ದಿನ ಕೈಯಲ್ಲೇ ಮಾಡ್ತೀಯಮ್ಮ? ತಾನೇ ಹಲ್ಲು ಕೆತ್ತಿ ಕೊಡೋ ಮಿಷನ್ ತಗೋ. ನನ್ನ ಮೂರೂ ಕ್ಲಿನಿಕ್ಕಿನ ಕೆಲಸ ನಿನಗೇ" ಎಂದ. ಬ್ಯಾಂಕಿನ ಸಾಲಕ್ಕೆ ತಾನೇ ಜಾಮೀನು ನಿಂತ. ಮಿಷನ್ ಬಂತು, ಆರು ತಿಂಗಳು ಕೆಲಸವೂ ಬಂತು. ಅಷ್ಟರಲ್ಲಿ ಬೇರೆ ಯಾವನೋ ಕಡಿಮೆ ದರಕ್ಕೆ ಮಾಡಿಕೊಡುತ್ತೇನೆಂದ. ಈ ಪುಣ್ಯಾತ್ಮ ಒಂದು ಫೋನೂ ಮಾಡದೆ ಅತ್ತ ಹೊರಳಿದ. ಮಿಷನ್ನಿಗೆ ಬಟ್ಟೆ ಹೊದಿಸಿದೆವು. ಕಂತು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕಿತ್ತು.

ಕೊನೆಗೆ ವಕೀಲಮ್ಮ ಹೇಳಿದರು: "ದಿವಾಳಿ ಅರ್ಜಿ ಹಾಕಿಬಿಡಿ. ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರೋದು ನಿಲ್ಲುತ್ತೆ. ಜಾಮೀನು ಹಾಕಿದವರ ಬಾಗಿಲಿಗೆ ಹೋಗ್ತಾರೆ."

ಎರಡನೇ ಮಾತು ಕೇಳಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನನ್ನ ಎರಡು ತಿಂಗಳ ಸಂಬಳವನ್ನೂ ಆ ಮಿಷನ್ನೇ ನುಂಗಿತ್ತು. "ಹಾಕಕ್ಕ, ಇವತ್ತೇ ಹಾಕು" ಎಂದೆ. ಆದರೆ ಅರ್ಜಿ ಮೂರು ವಾರ ಡ್ರಾಯರಿನಲ್ಲೇ ಬಿದ್ದಿತ್ತು. ದಿವಾಳಿಯಾದವಳು ಅನ್ನಿಸಿಕೊಳ್ಳಲು ನಾಚಿಕೆಯೇನೋ ಅಂದುಕೊಂಡೆ.

ಹೇಗೋ ಸುದ್ದಿ ತಿಳಿದು ಡಾಕ್ಟರು ಓಡಿಬಂದ.

"ಮನೆತನದ ಮಾನ ಕಳೀಬೇಡ. ನಿಧಾನಕ್ಕೆ ಕಟ್ಟು, ಯಾರು ಬೇಡ ಅಂತಾರೆ?"

"ಕೆಲಸ ಕೊಡಿ ಭಾವ, ಕಟ್ತೀನಿ."

"ಅದು ವ್ಯವಹಾರ. ಇದು ಸಂಬಂಧ. ಎರಡನ್ನೂ ಬೆರೆಸಬಾರದು."

ಅಕ್ಕ ಉಜ್ಜುತ್ತಿದ್ದ ಹಲ್ಲನ್ನು ಕೆಳಗಿಟ್ಟಳು. "ಜಾಮೀನು ಹಾಕೋವಾಗ ಬೆರೆಸಿದವರು ನೀವೇ ಅಲ್ವಾ?"

"ಓಹೋ! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!" ಎಂದು ಅವನು ಬಾಗಿಲು ದಡಾರನೆ ಎಳೆದುಕೊಂಡು ಹೋದ.

"ಇವನು ಬ್ಯಾಂಕಿನ ಮುಂದೆ ಕೈಕಟ್ಟಿ ನಿಲ್ಲಬೇಕು" ಎಂದಳು ಅಕ್ಕ. "ಅದನ್ನ ನಾನು ಕಣ್ಣಾರೆ ನೋಡಬೇಕು." ಡ್ರಾಯರ್ ಎಳೆದು ಅರ್ಜಿ ತೆಗೆದಳು.

ಯಾರಿಗೆಲ್ಲ ಎಷ್ಟೆಷ್ಟು ಕೊಡಬೇಕೆಂದು ಬರೆಯಬೇಕಿತ್ತು. ಒಬ್ಬರನ್ನು ಮುಚ್ಚಿಟ್ಟರೂ ಅರ್ಜಿ ಬಿದ್ದುಹೋಗುತ್ತದೆಂದು ವಕೀಲಮ್ಮ ಎಚ್ಚರಿಸಿದ್ದರು. ಬ್ಯಾಂಕು, ಪ್ಲಾಸ್ಟರಿನ ಅಂಗಡಿ, ನಾನು. ಅಲ್ಲಿಗೆ ಪೆನ್ನು ನಿಂತಿತು.

"ಇನ್ನೊಬ್ಬಳಿದ್ದಾಳೆ ಕಣೇ" ಎಂದಳು ಅಕ್ಕ.

ಅವಳ ಮಗಳು ಲಿಫ್ಟ್ ರಿಪೇರಿ ಕೆಲಸದವಳು. ಸ್ವಂತದ್ದೊಂದು ಪುಟ್ಟ ಮನೆ ಕೊಳ್ಳುವಾಸೆ. ಸಂಬಳದ ಅರ್ಧವನ್ನು ತಿಂಗಳು ತಿಂಗಳೂ "ಇಟ್ಟಿರಮ್ಮ" ಎಂದು ತಾಯಿಯ ಕೈಗೆ ಕೊಟ್ಟಿದ್ದಳು. ಮೂರು ವರ್ಷ ಕಂತು ಕಟ್ಟಿದ್ದು ಆ ದುಡ್ಡಿನಲ್ಲಿ. ಅದರಲ್ಲಿ ಒಂದು ಕಾಸೂ ಉಳಿದಿಲ್ಲವೆಂದು ಹುಡುಗಿಗೆ ಗೊತ್ತಿರಲಿಲ್ಲ.

"ಬರೆದರೆ ಅವಳಿಗೆ ಗೊತ್ತಾಗುತ್ತೆ. ಬರೀದಿದ್ರೆ ಅವನು ಗೆದ್ದ."

ಬೇಡ ಅನ್ನಬೇಕಿತ್ತು ನಾನು, ಅನ್ನಲಿಲ್ಲ. ಡಾಕ್ಟರ ಮುಖ ಬಾಡುವುದನ್ನು ನೋಡುವ ಆಸೆ ನನಗೂ ಅಷ್ಟೇ ಇತ್ತು. ಅಕ್ಕ ಮಗಳ ಹೆಸರು ಬರೆದಳು.

ಸಂಜೆ ಮಗಳು ಬಂದಾಗ ಅಕ್ಕ ಕಾಗದವನ್ನು ಅವಳ ಮುಂದಿಟ್ಟು ಎಲ್ಲ ಹೇಳಿದಳು. ಹುಡುಗಿ ಗ್ರೀಸು ಮೆತ್ತಿದ ಬೆರಳನ್ನು ಬ್ಯಾಂಕಿನ ಸಾಲಿನ ಮೇಲಿಟ್ಟಳು.

"ಇದನ್ನ ದೊಡ್ಡಪ್ಪ ಕಟ್ತಾರಾ?"

"ಕಟ್ಟದೆ ಎಲ್ಲಿ ಹೋಗ್ತಾನೆ? ಜಾಮೀನು ಹಾಕಿದಾನಲ್ಲ. ಬಡ್ಡಿ ಸಮೇತ ಕಕ್ಕಲಿ!"

ಬೆರಳು ಕೆಳಗಿಳಿದು ತನ್ನ ಹೆಸರಿನ ಮೇಲೆ ನಿಂತಿತು.

"ಇದಕ್ಕೆ ಯಾರಮ್ಮ ಜಾಮೀನು?"

ಅಕ್ಕ ಪೆನ್ನು ಮುಚ್ಚಿ ಬದಿಗಿಟ್ಟಳು. ಮಗಳೇ ಪೆನ್ನನ್ನು ಅವಳ ಕಡೆ ತಳ್ಳಿದಳು. "ಸಹಿ ಹಾಕು. ದೊಡ್ಡಪ್ಪ ಒಬ್ಬರು ಯಾಕೆ ತಪ್ಪಿಸ್ಕೋಬೇಕು?"

ಡಾಕ್ಟರಿಗೆ ಬ್ಯಾಂಕಿನ ನೋಟೀಸು ಹೋದ ದಿನ ನಾನು ಕುಣಿಯುತ್ತಾ ಅಕ್ಕನ ಮನೆಗೆ ಸುದ್ದಿ ಒಯ್ದೆ. ಮಗಳು ಬಾಡಿಗೆ ಕೋಣೆಯೊಂದನ್ನು ಹಿಡಿದು, ಬಟ್ಟೆಬರೆ ಕಟ್ಟುತ್ತಿದ್ದಳು. ಅಕ್ಕ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.