ಎರಡನೇ ಪಾಳಿಯ ಸುರಕ್ಷಾ ವೀರ

ಎಂಬತ್ತರ ದಶಕದಲ್ಲಿ, ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಸುರಕ್ಷತಾ ಸಪ್ತಾಹ ಬಂತೆಂದರೆ ನಾನು ಲೇಥ್ ಬಿಟ್ಟು ಸುರಕ್ಷಾ ವೀರನಾಗುತ್ತಿದ್ದೆ. ಕೆಂಪು ಸ್ಯಾಟಿನ್ ನಿಲುವಂಗಿ, ಮುಖಕ್ಕೊಂದು ಮುಖವಾಡ. ಗಾಗಲ್ಸ್ ಹಾಕದೆ ಮೆಷಿನ್ ಹತ್ತಿರ ನಿಂತವನ ಕೊರಳಿಗೆ, ಎಣ್ಣೆ ಒರೆಸುವ ನೂಲಿನ ಹಾರ ಹಾಕುವುದು ನನ್ನ ಕೆಲಸ. ಪಾಳಿ ಮುಗಿಯುವವರೆಗೆ ಅದನ್ನು ತೆಗೆಯುವಂತಿರಲಿಲ್ಲ. ಒಳಗಿರುವುದು ನಾನೆಂದು ಎಲ್ಲರಿಗೂ ಗೊತ್ತು, ಆದರೂ ಹೆದರುತ್ತಿದ್ದರು. ಅದು ನನಗೆ ಬಹಳ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ.

ಎಂಟು ವರ್ಷ ಎರಡೂ ಪಾಳಿಗೆ ನಾನೇ. ಆಮೇಲೆ ಮಂಡಿ ಕೈಕೊಟ್ಟಿತು. ಮೊದಲ ಪಾಳಿಗೆ ನಾನು, ಎರಡನೆಯದಕ್ಕೆ ಹೊಸದಾಗಿ ಸೇರಿದ ಫಿಟ್ಟರ್ ಎಂದು ಮ್ಯಾನೇಜರು ಹಂಚಿದರು. ನಿಲುವಂಗಿ ಒಂದೇ. ಆಳು ಬದಲಾದದ್ದು ತಿಳಿದರೆ ಜನಕ್ಕೆ ಭಯ ಹೋಗುತ್ತದೆ, ಯಾರಿಗೂ ಹೇಳಬೇಡಿ ಎಂದರು. ಸೈಕಲ್ ಸ್ಟ್ಯಾಂಡಿನ ಹಿಂದೆ ನಿಲುವಂಗಿ ಕೊಡುವಾಗ ಅವನು ಕೇಳಿದ, "ನೀವು ಕುಂಟೋದು ಯಾವ ಕಾಲು, ಅಣ್ಣ?"

ಮೈ ಉರಿಯಿತು. ಕಲಿಯುತ್ತಿದ್ದಾನೋ, ಆಡಿಕೊಳ್ಳುತ್ತಿದ್ದಾನೋ? ಮರುದಿನ ನಿಲುವಂಗಿಯನ್ನು ಒಗೆದು ಇಸ್ತ್ರಿ ಮಾಡಿ ತಂದ. ನಾನು ಒಮ್ಮೆಯೂ ಒಗೆದವನಲ್ಲ. ಮ್ಯಾನೇಜರಿಗೆ ಬೆಣ್ಣೆ ಹಚ್ಚುವ ಉಪಾಯ ಎಂದುಕೊಂಡೆ. ಮುಂದಿನ ವರ್ಷ ಎರಡೂ ಪಾಳಿಗೆ ಅವನೇ ಎಂಬ ಮಾತು ಕ್ಯಾಂಟೀನಿನಲ್ಲಿ ಮ್ಯಾನೇಜರ ಬಾಯಿಂದಲೇ ಕಿವಿಗೆ ಬಿದ್ದ ಮೇಲಂತೂ ಅವನು ಕೆಮ್ಮಿದರೂ ನನಗೆ ಅನುಮಾನ.

ನಾಲ್ಕನೇ ದಿನ ಪಾಳಿ ಮುಗಿದರೂ ಮನೆಗೆ ಹೋಗಲಿಲ್ಲ. ಅವನ ತಪ್ಪು ಹಿಡಿಯಲೆಂದೇ ಮೆಷಿನ್ ಶಾಪಿನೊಳಗೆ ಹೋಗಿ ನನ್ನ ಲೇಥಿನ ಪಕ್ಕ ನಿಂತೆ. ಬಂದ. ಎಡಗಾಲು ಎಳೆಯುತ್ತಾ, ಥೇಟ್ ನನ್ನ ಹಾಗೆ. ಜನ ಗಡಿಬಿಡಿಯಿಂದ ಗಾಗಲ್ಸ್ ಏರಿಸಿಕೊಂಡರು. ಆಮೇಲೆ ಅವನನ್ನೂ ನನ್ನನ್ನೂ ನೋಡಿದರು. ಗುಟ್ಟು ರಟ್ಟು ಮಾಡಿದ್ದು ನಾನೇ.

ಅವನು ನೇರ ನನ್ನೆದುರು ಬಂದು ನಿಂತ. ಆಗ ಹೊಳೆಯಿತು, ನನ್ನ ಗಾಗಲ್ಸ್ ಲಾಕರಿನಲ್ಲಿತ್ತು. ಮುಂದೆ ಹೋಗು ಎಂದು ಕಣ್ಣಲ್ಲೇ ಗದರಿದೆ. ಅವನು ಹೋಗಲಿಲ್ಲ, ಹಾರ ಹಾಕಿದ.

"ನೀವಾಗಿದ್ರೆ ಬಿಡ್ತಿದ್ರಾ, ಅಣ್ಣ?" ಎಂದ, ನನಗೆ ಮಾತ್ರ ಕೇಳುವಂತೆ.

"ಬಿಡ್ತಿರ್ಲಿಲ್ಲ ಕಣೋ," ಎಂದೆ.

ಅದು ಸುಳ್ಳು. ಫೋರ್‌ಮನ್ ಬರಿಗಣ್ಣಲ್ಲಿ ನಿಂತದ್ದು ಕಂಡಾಗಲೆಲ್ಲ ನಾನು ಪಕ್ಕದ ಸಾಲಿಗೆ ತಿರುಗಿಬಿಡುತ್ತಿದ್ದೆ, ಎಂಟು ವರ್ಷವೂ. ನಾಚಿಕೆಯಾಯಿತು. ಮುಂದಿನ ವರ್ಷದಿಂದ ಈ ವೇಷ ನನಗೆ ಬೇಡ ಎಂದು ಮ್ಯಾನೇಜರಿಗೆ ನಾನೇ ಹೇಳಿದೆ. ಕಾರಣ ಮಂಡಿನೋವು ಎಂದೆ.