ಮೋಹನದಲ್ಲಿ ಒಂದು ಮಧ್ಯಮ

ತ್ಯಾಗರಾಜನಗರದ ಕಾತ್ಯಾಯಿನಿ ಮೂವತ್ತೆರಡು ವರ್ಷಗಳಿಂದ ಮನೆಯ ಮುಂದಿನ ಕೋಣೆಯಲ್ಲಿ ವೀಣೆ ಪಾಠ ಹೇಳುತ್ತಿದ್ದಾರೆ. ತಪ್ಪು ಸ್ವರ ಕಿವಿಗೆ ಬಿದ್ದರೆ ಅವರಿಗೆ ಸುಮ್ಮನಿರಲಾಗದು. ಒಳಗೆ ಒಗ್ಗರಣೆ ಹಾಕುತ್ತಿದ್ದರೂ ಅಲ್ಲಿಂದಲೇ ತಿದ್ದುತ್ತಾರೆ. ಸೋದರಳಿಯನ ಮದುವೆಯಲ್ಲಿ ಅಡುಗೆಭಟ್ಟರ ಸಾರಿಗೂ ತಾವೇ ಉಪ್ಪು ಹಾಕಿ ಬಂದದ್ದನ್ನು ಗಂಡ ಸೇತುರಾಮ ಇಂದಿಗೂ ನೆಂಟರೆದುರು ಹೇಳಿ ನಗುತ್ತಾರೆ.

ಅವರ ಶಿಷ್ಯೆ ತನ್ಮಯಿ ಹತ್ತನೇ ತರಗತಿ. ಶಾಲೆಯಲ್ಲಿ ಸಂಗೀತವನ್ನು ಪರೀಕ್ಷೆಯ ವಿಷಯವಾಗಿ ತೆಗೆದುಕೊಂಡಿದ್ದಳು. ಮೂರು ನಿಮಿಷದ ಸ್ವಂತ ರಚನೆಯೊಂದನ್ನು ರೆಕಾರ್ಡ್ ಮಾಡಿ ಕೊಡಬೇಕಿತ್ತು, ಅದಕ್ಕೆ ಅಂಕಗಳಿದ್ದವು. ಅವಳು ಮೋಹನ ರಾಗದಲ್ಲಿ ಏನೋ ಕಟ್ಟಿಕೊಂಡು ಬಂದಳು. ಮೊದಲ ದಿನವೇ ಕಾತ್ಯಾಯಿನಿ ತಡೆದರು. ಮೋಹನದಲ್ಲಿ ಮಧ್ಯಮ ಸ್ವರವೇ ಇಲ್ಲ. ಹುಡುಗಿ ಏರುವ ದಾರಿಯಲ್ಲಿ ಅದನ್ನೇ ಹಿಡಿದು ನಿಂತಿದ್ದಳು. ತೆಗೆಸಿದರು. ಮುಂದಿನ ವಾರ ಮುಕ್ತಾಯ ಸಪ್ಪೆ ಎನಿಸಿತು, ತುಂಬಿಕೊಟ್ಟರು. ಆಮೇಲೆ ನಡುವೆ ಎರಡು ಸಾಲು ಸೇರಿತು, ಆರಂಭ ಬದಲಾಯಿತು. ತನ್ಮಯಿ ಪ್ರತಿಸಲವೂ ‘ಸರಿ ಮಿಸ್’ ಎಂದು ತಲೆಯಾಡಿಸಿದಳು. ತಿದ್ದಿಸಿಕೊಳ್ಳುವುದಕ್ಕೇ ಅಲ್ಲವೇ ಪಾಠಕ್ಕೆ ಬರುವುದು?

ಶುಕ್ರವಾರ ಅವಳು ಶಾಲೆಯ ಕಾಗದ ತಂದಳು. ರಚನೆ ಪೂರ್ತಿಯಾಗಿ ವಿದ್ಯಾರ್ಥಿಯದೇ ಎಂದು ಕಲಿಸಿದವರು ಸಹಿ ಹಾಕಬೇಕು. ಸೋಮವಾರ ಕೊನೆಯ ದಿನ. ಪೆನ್ನು ಹಿಡಿದ ಕಾತ್ಯಾಯಿನಿ, ಒಮ್ಮೆ ನುಡಿಸು ಎಂದರು. ಕೇಳುತ್ತ ಹೋದಂತೆ ಪೆನ್ನನ್ನು ಕೆಳಗಿಟ್ಟರು. ಪ್ರತಿ ತಿರುವಿನಲ್ಲೂ ಕೇಳಿಸಿದ್ದು ಅವರದೇ ಬೆರಳು. ಸಹಿ ಹಾಕಿದರೆ ಸುಳ್ಳು. ಹಾಕದಿದ್ದರೆ ಹುಡುಗಿಯ ಅಂಕ ಹೋಗುತ್ತದೆ.

“ಇದು ನಿಂದಲ್ಲ ಪುಟ್ಟಿ,” ಎಂದರು. “ನಾನು ಕಿತ್ಕೊಂಡ್ಬಿಟ್ಟಿದೀನಿ.”

ತನ್ಮಯಿ ಚೀಲದಿಂದ ಫೋನ್ ತೆಗೆದಳು. “ಮೊದಲ್ನೇದು ಫೋನಲ್ಲಿದೆ ಮಿಸ್. ಡಿಲೀಟ್ ಮಾಡಿಲ್ಲ.”

ಇಬ್ಬರೂ ಕೇಳಿದರು. ಆ ಮಧ್ಯಮ ಬಂದಾಗ ಕಾತ್ಯಾಯಿನಿಯ ತುಟಿ ತಾನಾಗಿ ತೆರೆಯಿತು. ಕಷ್ಟಪಟ್ಟು ಮುಚ್ಚಿಕೊಂಡು, ಅಲ್ಲಿ ಅದು ಯಾಕೆ ಎಂದು ಮೊದಲ ಬಾರಿಗೆ ಕೇಳಿದರು.

“ನಮ್ಮಜ್ಜಿ ಮಹಡಿ ಹತ್ತೋವಾಗ ಅರ್ಧದಲ್ಲಿ ನಿಂತು ಉಸಿರು ತಗೋತಾರೆ ಮಿಸ್. ಅವರಿಗೆ ನಿಲ್ಲೋಕೆ ಒಂದು ಜಾಗ ಬೇಕಿತ್ತು. ಮೋಹನದಲ್ಲಿ ಸಿಗ್ಲಿಲ್ಲ.”

ಕಾತ್ಯಾಯಿನಿ ಕಾಗದವನ್ನು ಸಹಿ ಹಾಕದೆ ಎತ್ತಿಟ್ಟು, ಮೊದಲಿನದನ್ನೇ ಕೊಡೋಣ ಎಂದರು. ಶನಿವಾರ, ಭಾನುವಾರ ತನ್ಮಯಿ ತನ್ನ ಹಳೆಯದನ್ನೇ ಅಭ್ಯಾಸ ಮಾಡಲು ಬಂದಳು. ಸೇತುರಾಮ ಹೆಂಡತಿಯ ಕೈಗೆ ದೊಡ್ಡದೊಂದು ಕಲ್ಲುಸಕ್ಕರೆ ಇಟ್ಟು, “ಬಾಯಲ್ಲಿಟ್ಕೋ. ಇದು ಕರಗೋವರೆಗೂ ನೀನು ಮೂಗಿ” ಎಂದರು. ಮುಕ್ತಾಯ ಇನ್ನೂ ಸಪ್ಪೆಯೇ ಇತ್ತು. ಕಾತ್ಯಾಯಿನಿ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತ ಕುಳಿತರು. ಭಾನುವಾರ ಸಂಜೆ ಹುಡುಗಿ ತಾನೇ ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಕೊನೆಯ ಸಾಲನ್ನು ಇನ್ನೊಂದು ಬಗೆಯಲ್ಲಿ ಇಳಿಸಿದಳು. ಗುರುವಿಗೆ ಹೊಳೆಯದಿದ್ದ ಬಗೆ ಅದು. ಅದನ್ನೇ ರೆಕಾರ್ಡ್ ಮಾಡಿದರು.

ಕಾತ್ಯಾಯಿನಿ ಸಹಿ ಹಾಕಿದರು. ಅದರ ಕೆಳಗೆ, ನಡುವೆ ತಾವು ತಿದ್ದಿದ್ದನ್ನೂ ಅದೆಲ್ಲವನ್ನೂ ಕೈಬಿಟ್ಟಿದ್ದನ್ನೂ ಮುಚ್ಚಿಡದೆ ಬರೆದರು. ತಾವು ಹಾಗೆ ಬರೆದದ್ದು ಹುಡುಗಿಗೆ ಮುಳುವಾದೀತೇ ಎಂದು ಹತ್ತು ದಿನ ಅವರಿಗೆ ಊಟ ಸೇರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ತನ್ಮಯಿಯ ಫೋನ್ ಬಂತು. ಮೊದಲ ರೆಕಾರ್ಡಿಂಗನ್ನೂ ತರಿಸಿಕೊಂಡು ಕೇಳಿದ ಮೇಲೆ ಶಾಲೆಯವರು ರಚನೆಯನ್ನು ಒಪ್ಪಿಕೊಂಡಿದ್ದರು. ಕಾತ್ಯಾಯಿನಿ ಫೋನಿಟ್ಟು, ತಟ್ಟೆ ಹಾಕಿಕೊಂಡು ಕುಳಿತು, ಎರಡು ಸಲ ಹುಳಿ ಬಡಿಸಿಕೊಂಡು ಉಂಡರು. ಆಮೇಲೆ ಚಾಪೆಯ ಮೇಲೆ ಅಡ್ಡಾದವರಿಗೆ, ಸಂಜೆಯ ಪಾಠದ ಮಕ್ಕಳು ಬಂದು ಬಾಗಿಲು ತಟ್ಟುವವರೆಗೂ ಎಚ್ಚರವಾಗಲಿಲ್ಲ.